ಎಂಟು ದಿನದ ವಿಳಾಸ

ಸೋಮವಾರ, ಸೆಪ್ಟೆಂಬರ್ 8, 2025. ಅಹಮದಾಬಾದ್

ಸೂರತ್‌ನ ಪಾಂಡೇಸರಾ ಮಿಲ್ಲಿನ ಬಣ್ಣದ ಲ್ಯಾಬ್ ಇಂದು ಎರಡೂವರೆ ಗಂಟೆ ನಿಂತಿತ್ತು. ನೆಟ್‌ವರ್ಕಿನಲ್ಲಿ ಎರಡು ಯಂತ್ರಗಳು ಒಂದೇ ವಿಳಾಸ, ಅಂದರೆ ಒಂದೇ ಗುರುತಿನ ಸಂಖ್ಯೆ, ಹಿಡಿದು ಕೂತಿದ್ದವು. ಸುದ್ದಿ ಕೊಟ್ಟವರು ಲ್ಯಾಬ್‌ನ ನಟವರಲಾಲ್ ರಾಣಾ, ಬೆಳಿಗ್ಗೆ 11.20ಕ್ಕೆ, ಫೋನಿನಲ್ಲಿ.

ಇವರು ಹದಿನಾರು ವರ್ಷದಿಂದ ಮಿಲ್ಲಿನ ಪ್ರತಿ ಯಂತ್ರದ ವಿಳಾಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನೋಡಿಯೇ ಒಂದೊಂದಕ್ಕೂ ಸಂಖ್ಯೆಯನ್ನು ಕೀಬೋರ್ಡಿನಲ್ಲಿ ಕೈಯಿಂದ ಹೊಡೆಯುತ್ತಾರೆ. ಇಂದು ಹೊಸ ಪ್ರಿಂಟರ್ ಜೋಡಿಸಿದ ಕಂಪನಿಯವರು ಅವರನ್ನು ಕೇಳದೆ ಯಾವುದೋ ಸಂಖ್ಯೆ ಕೊಟ್ಟು ಹೋದರು.

ಮಧ್ಯಾಹ್ನ ಕಿರಣ್‌ಭಾಯಿ ಕರೆದರು. ಮಾಲೀಕ ರಸಿಕ್‌ಲಾಲ್ ಸೇಠರ ಮಗ. ಅಹಮದಾಬಾದಿನ ಮುಖ್ಯ ಕಚೇರಿ, ವಡೋದರಾದ ವಿನ್ಯಾಸ ಕಚೇರಿ, ಸೂರತ್‌ನ ಮಿಲ್, ಮೂರನ್ನೂ ನೋಡಿಕೊಳ್ಳುವವರು ಅವರೇ.

“ಶ್ರೀಪಾದ್‌ಜಿ, ಇಡೀ ಮಿಲ್ ಒಂದು ನೋಟ್‌ಬುಕ್ ಮೇಲೆ ನಡೀತಿದೆ ಅಂತ ಹೊರಗೆ ಹೇಳೋಕೆ ನಾಚಿಕೆ ಆಗುತ್ತೆ. ಮೂರೂ ಊರಿಗೆ ಒಂದೇ ವ್ಯವಸ್ಥೆ ಬೇಕು, ದೀಪಾವಳಿಯೊಳಗೆ. ಆ ನೋಟ್‌ಬುಕ್ ಬೇಕೋ ಬೇಡವೋ, ಅದನ್ನು ಹಿಡಿದುಕೊಂಡಿರೋ ಮನುಷ್ಯ ಬೇಕೋ ಬೇಡವೋ, ವರದಿಯಲ್ಲಿ ಅದನ್ನೂ ಬರೀರಿ.”

ಇನ್ನೊಂದು ಮಾತನ್ನೂ ಹೇಳಿದರು. ಎಲ್ಲವೂ ಅಹಮದಾಬಾದಿನಿಂದಲೇ ನಡೆಯುವಂತಾದರೆ ಜನವರಿಯಿಂದ ನಾನು ತಿರುವನಂತಪುರದಲ್ಲಿ ಕೂತು ಕೆಲಸ ಮಾಡಬಹುದು.

ನನ್ನ ಹೆಂಡತಿ ನಳಿನಿ ಅಲ್ಲಿಗೆ ಹೋಗಿ ಮೂರು ತಿಂಗಳಾಯಿತು. ಅವಳಿಗೆ ಇಲ್ಲಿನ ಸಂಶೋಧನಾ ಸಂಸ್ಥೆಗೆ ವರ್ಗವಾದಾಗ ನಾನು ಹಾಸನದ ಕೆಲಸ ಬಿಟ್ಟು ಅವಳ ಹಿಂದೆ ಬಂದೆ. ಐದು ವರ್ಷ ಒಂದು ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿದ್ದೆ. ಜೂನ್‌ನಲ್ಲಿ ಅವಳಿಗೆ ಮತ್ತೆ ವರ್ಗವಾಯಿತು. ಕ್ವಾರ್ಟರ್ಸ್ ಅವಳ ಹೆಸರಿನಲ್ಲಿತ್ತು, ಬಿಟ್ಟುಕೊಟ್ಟೆವು. ಈಗ ವಸ್ತ್ರಾಪುರದಲ್ಲಿ ಒಂದು ಕೋಣೆ. ಸೇಠರ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಈ ಕೆಲಸಕ್ಕೆ ಸೇರಿದ್ದು ಜುಲೈ 1ಕ್ಕೆ.

ನಳಿನಿಯ ಕರೆ ಸಂಜೆ ಎಂಟಕ್ಕೆ. 14 ನಿಮಿಷ.

ಬುಧವಾರ, ಸೆಪ್ಟೆಂಬರ್ 17. ಸೂರತ್

ಪಾಂಡೇಸರಾದಲ್ಲಿ ಒಟ್ಟು 64 ಯಂತ್ರಗಳು. ಎಣಿಸಿಕೊಟ್ಟವರು ರಾಣಾ. ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳ ನಿಯಂತ್ರಕಗಳು ಹನ್ನೊಂದು. ಲ್ಯಾಬ್‌ನ ಕಂಪ್ಯೂಟರುಗಳು ಹಳೆಯ ವಿಂಡೋಸ್. ಗೋದಾಮಿನದು ಲಿನಕ್ಸ್. ಉಳಿದವು ಪ್ರಿಂಟರು, ತಕ್ಕಡಿ, ಕ್ಯಾಮೆರಾ.

ರಾಣಾ ಅವರಿಗೆ ಐವತ್ತೆಂಟು. ಕುಳ್ಳ ಮೈಕಟ್ಟು, ಕಿವಿಯ ಮೇಲೆ ಪೆನ್ನು. ಮಾತು ಅರ್ಧ ಹಿಂದಿ, ಅರ್ಧ ಗುಜರಾತಿ. ನೋಟ್‌ಬುಕ್ಕಿಗೆ ಕೆಂಪು ಬಟ್ಟೆಯ ರಟ್ಟು, ಅಂಗಡಿಯ ಖಾತೆ ಪುಸ್ತಕದ ಹಾಗೆ.

“ನೋಡಿ ಸಾಹೇಬ್, ಹೊಸ ಯಂತ್ರ ಬಂದರೆ ಮೊದಲು ಇಲ್ಲಿ ಬರಬೇಕು. ಹುಟ್ಟಿದ ದಿನ, ಹೆಸರು, ಮನೆ ನಂಬರು. ಸತ್ತರೆ ಹೆಸರಿನ ಮೇಲೆ ಗೆರೆ ಹೊಡೀತೀನಿ. ಆ ಮನೆ ಆರು ತಿಂಗಳು ಯಾರಿಗೂ ಕೊಡಲ್ಲ.”

“ಯಾಕೆ?”

“ಸೂತಕ,” ಎಂದು ನಕ್ಕರು. ಆಮೇಲೆ ನಿಜ ಹೇಳಿದರು: ಹಳೆಯ ನಂಬರನ್ನು ನೆನಪಿಟ್ಟುಕೊಂಡ ಬೇರೆ ಯಂತ್ರಗಳು ಅಲ್ಲಿಗೇ ಮಾಹಿತಿ ಕಳಿಸುತ್ತಿರುತ್ತವಂತೆ. ಇದು ಸರಿಯಾದ ಕಾರಣ.

ಡಬ್ಬಿ ತೆರೆದು ಊಟಕ್ಕೆ ಕರೆದರು. ರೈಲಿನಲ್ಲಿ ತಿಂದಿದ್ದೇನೆ ಎಂದೆ. ತಿಂದಿರಲಿಲ್ಲ. ವರದಿಯಲ್ಲಿ ಏನು ಬರೆಯಬೇಕಾಗುತ್ತದೋ ತಿಳಿಯದೆ ಅವರ ರೊಟ್ಟಿ ಮುರಿಯುವುದು ಸರಿ ಕಾಣಲಿಲ್ಲ.

ಕರೆ: 9 ನಿಮಿಷ.

ಬುಧವಾರ, ಸೆಪ್ಟೆಂಬರ್ 24. ವಡೋದರಾ

ವಿನ್ಯಾಸ ಕಚೇರಿಯಲ್ಲಿ ಹದಿನಾಲ್ಕು ಮ್ಯಾಕ್ ಕಂಪ್ಯೂಟರುಗಳು. ಅಲ್ಲಿಂದ ಹೆಸರು ಹಿಡಿದು ಹುಡುಕಿದರೆ ಸೂರತ್‌ನ ಒಂದೂ ಯಂತ್ರ ಸಿಗುವುದಿಲ್ಲ. ಹಳೆಯ ವಿಂಡೋಸ್ ಯಂತ್ರಗಳು ತಮ್ಮ ಹೆಸರನ್ನು ಕೂಗಿ ಹೇಳುತ್ತವೆ, ಆ ಕೂಗು ಕಟ್ಟಡದ ಗೋಡೆ ದಾಟುವುದಿಲ್ಲ. ಎಲ್ಲರ ಹೆಸರೂ ಇರುವ ಒಂದು ಪಟ್ಟಿಯನ್ನು ಎಲ್ಲರೂ ಕೇಳಬಹುದಾದ ಜಾಗದಲ್ಲಿ ಇಡಬೇಕು.

ಇಲ್ಲಿನ ಹಿರಿಯ ವಿನ್ಯಾಸಕಿಯ ಹೆಸರು ಮನಸ್ವಿನಿ. ತಂದೆ ರೈಲ್ವೆಯವರು, ಮೂಲ ಗದಗ. ಗದಗ ಎಂದು ಕೇಳಿದ್ದೇ ಕನ್ನಡದಲ್ಲಿ ಮಾತಾಡಿಸಿದೆ.

“ಅಂಕಲ್, ನಂಗೆ ಕನ್ನಡ ಬರ್ತೈತಿ, ಬಟ್ ಬರಂಗಿಲ್ಲ. ಮನ್ಯಾಗ ಅಪ್ಪ ಬೈಯೋದು ಅಷ್ಟೂ ತಿಳೀತೈತಿ.”

“ಮತ್ತೆ ನೀನು ತಿರುಗಿ ಏನಂತೀಯ?”

“ಗುಜರಾತೀಲಿ ಬೈತೀನಿ. ಅವ್ರಿಗೂ ತಿಳೀತೈತಿ.”

ಅಷ್ಟು ಹೇಳಿ ಇಂಗ್ಲಿಷಿಗೆ ಹೋದಳು. ಎದುರು ಕೂತು ಕನ್ನಡ ಕೇಳಿದ್ದು ನಳಿನಿ ಹೊರಟ ಜೂನ್ 11ರ ನಂತರ ಇದೇ ಮೊದಲು.

ಕರೆ: 6 ನಿಮಿಷ. ಅವಳ ಕಡೆ ಮೀಟಿಂಗ್ ಇತ್ತು.

ಶನಿವಾರ, ಅಕ್ಟೋಬರ್ 4. ಅಹಮದಾಬಾದ್

ವರದಿ ಸಲ್ಲಿಸಿದೆ. ಕಿರಣ್‌ಭಾಯಿ 12.15ಕ್ಕೆ ಒಪ್ಪಿದರು.

ದಾರಿ ಎರಡಿದ್ದವು. ಒಂದು: ಮುಖ್ಯ ಕಚೇರಿಯ ವಿಂಡೋಸ್ ಸರ್ವರ್ ಮೂರೂ ಊರಿಗೆ ವಿಳಾಸ ಹಂಚುವುದು, ಹೆಸರಿನ ಪಟ್ಟಿಯನ್ನೂ ಅದೇ ಇಟ್ಟುಕೊಳ್ಳುವುದು. ಎರಡು: ಊರಿಗೊಂದು ಚಿಕ್ಕ ಲಿನಕ್ಸ್ ಸರ್ವರ್, ಅದನ್ನು ನೋಡಿಕೊಳ್ಳಲು ಅಲ್ಲಿಯೇ ಒಬ್ಬರು. ಮೊದಲನೆಯದನ್ನು ಆರಿಸಿದೆ. ಲೆಕ್ಕಪತ್ರ ಇರುವ ಸರ್ವರ್‌ನಲ್ಲಿ ಜಾಗವಿದೆ, ಒಂದೇ ಕಡೆಯಿಂದ ಎಲ್ಲವೂ ಕಾಣುತ್ತದೆ, ದೂರದಿಂದಲೂ ನೋಡಿಕೊಳ್ಳಬಹುದು. ಕೊನೆಯ ಕಾರಣ ವರದಿಯಲ್ಲಿ ಮೂರನೆಯದು. ನನ್ನ ಮನಸ್ಸಿನಲ್ಲಿ ಎಷ್ಟನೆಯದೆಂದು ಇಲ್ಲಿಯೂ ಬರೆಯುವುದಿಲ್ಲ.

ಪುಟ 6: “ಪಾಂಡೇಸರಾದ ಕೈಬರಹದ ದಾಖಲೆ ಹಾಗೂ ಅದಕ್ಕೆ ಮೀಸಲಾದ ಹುದ್ದೆ ಇನ್ನು ಅಗತ್ಯವಿಲ್ಲ.” ಹಬ್ಬ ಕಳೆದ ಮೇಲೆ ರಾಣಾ ಅವರಿಗೆ ಹೇಳುತ್ತಾರಂತೆ. ಅಲ್ಲಿಯವರೆಗೆ ಬಾಯಿ ಬಿಡಬೇಡಿ ಎಂದಿದ್ದಾರೆ.

ನಳಿನಿಗೆ ಜನವರಿ ಎಂದೆ. “ಒಳ್ಳೇದಾಯ್ತು ಕಣ್ರೀ,” ಎಂದಳು. 5 ನಿಮಿಷ.

ಬುಧವಾರ, ಅಕ್ಟೋಬರ್ 15. ಸೂರತ್

ಪಾಂಡೇಸರಾದ ಎಲ್ಲ 64 ಯಂತ್ರಗಳೂ ಸಂಜೆ 4ಕ್ಕೆ ಹೊಸ ವ್ಯವಸ್ಥೆಗೆ ಬಂದವು. ನಟುಭಾಯಿ ಪಕ್ಕದಲ್ಲೇ ನಿಂತು ಒಂದೊಂದಕ್ಕೂ ಟಿಕ್ ಹಾಕಿಕೊಂಡರು. ಇಲ್ಲಿ ಎಲ್ಲರೂ ನಟವರಲಾಲ್ ರಾಣಾ ಅವರನ್ನು ಹಾಗೇ ಕರೆಯುತ್ತಾರೆ.

“ಈ ವಿಳಾಸ ಎಷ್ಟು ದಿನಕ್ಕೆ, ಸಾಹೇಬ್?”

“ಎಂಟು ದಿನ. ಅವಧಿ ಮುಗಿಯೋ ಮೊದಲೇ ಯಂತ್ರ ತಾನಾಗಿ ಕೇಳಿ ಮುಂದುವರಿಸಿಕೊಳ್ಳುತ್ತೆ.”

“ಯಾರನ್ನ ಕೇಳುತ್ತೆ?”

“ಅಹಮದಾಬಾದನ್ನ.”

“ಅಹಮದಾಬಾದ್ ಮಾತಾಡದಿದ್ರೆ?”

“ಮಾತಾಡುತ್ತೆ.”

ಬ್ಯಾಂಕಿನಲ್ಲಿದ್ದ ಐದು ವರ್ಷದಲ್ಲಿ ಸರ್ವರ್ ಆರಿದ್ದು ಒಮ್ಮೆ, ಅದೂ ಹದಿಮೂರು ನಿಮಿಷ. ಹಾಗೆಂದು ಹೇಳಿದೆ. ಅವರು ತಲೆ ಆಡಿಸಿ, “ದೀಪಾವಳಿಗೆ ಇಲ್ಲಿ ಎಲ್ಲ ಬಂದ್,” ಎಂದರು. ಹಬ್ಬ ಎಂದರೆ ಮೂರು ದಿನ, ಎಂಟರೊಳಗೆ ಬಂತು ಎಂದುಕೊಂಡೆ.

ಇಂದು ಅವರ ಡಬ್ಬಿಯಿಂದ ಮೆಂತ್ಯದ ರೊಟ್ಟಿ, ಒಂದು ಥೇಪ್ಲಾ, ತಿಂದೆ. ಎರಡನೆಯದನ್ನು ಕೇಳದೆ ಇಟ್ಟರು.

ಸೋಮವಾರ, ಅಕ್ಟೋಬರ್ 20. ಅಹಮದಾಬಾದ್

ಮುಖ್ಯ ಕಚೇರಿಯ ಸರ್ವರನ್ನು ಸಂಜೆ 6.40ಕ್ಕೆ ಆರಿಸಲಾಯಿತು. ಆರಿಸಿದವರು ರಸಿಕ್‌ಲಾಲ್ ಸೇಠರು, ಸ್ವತಃ.

ದೀಪಾವಳಿಯ ದಿನ ಇಲ್ಲಿನ ವ್ಯಾಪಾರಿಗಳು ಖಾತೆ ಪುಸ್ತಕ ಪೂಜಿಸಿ ಮುಚ್ಚುತ್ತಾರೆ. ಗುಜರಾತಿ ಹೊಸ ವರ್ಷದ ಐದನೇ ದಿನವಾದ ಲಾಭ ಪಂಚಮಿಯ ಮುಹೂರ್ತದವರೆಗೆ ತೆರೆಯುವುದಿಲ್ಲ. ಈಗ ಲೆಕ್ಕವೆಲ್ಲ ಸರ್ವರ್‌ನಲ್ಲಿದೆ, ಆದ್ದರಿಂದ ಪೂಜೆಯೂ ಅದಕ್ಕೇ. ಕುಂಕುಮದ ಸ್ವಸ್ತಿಕ, ಕೆಂಪು ದಾರ, ತೆಂಗಿನಕಾಯಿ. ಪೂಜೆಯಾದ ಮೇಲೆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೇಠರು ಮನೆಗೆ ಒಯ್ದರು.

ಇದೇ ಯಂತ್ರ ಮೂರೂ ಊರಿಗೆ ವಿಳಾಸ ಕೊಡುತ್ತದೆ ಎಂದು ಕಿರಣ್‌ಭಾಯಿಗೆ ಹೇಳಿದೆ.

“ಅರೆ, ಮಿಲ್ ಬಂದ್, ಆಫೀಸ್ ಬಂದ್. ವಿಳಾಸ ಯಾರಿಗೆ ಬೇಕು? ಪೇಡಾ ತಗೊಳ್ಳಿ.”

ಸರಿ ಎನಿಸಿತು. ತೆಗೆದುಕೊಂಡೆ.

ನಳಿನಿಗೆ ರಜೆ ಸಿಗಲಿಲ್ಲ. ನನಗೆ ಊರು ಬಿಡಬೇಡಿ ಎಂದಿದ್ದಾರೆ. 4 ನಿಮಿಷ.

ಬುಧವಾರ, ಅಕ್ಟೋಬರ್ 22

ಗುಜರಾತಿ ಹೊಸ ವರ್ಷ. ಮೆಸ್, ಹೋಟೆಲು, ಕಿರಾಣಿ ಎಲ್ಲ ಮುಚ್ಚಿವೆ. ಬ್ರೆಡ್ಡು, ಬಾಳೆಹಣ್ಣು. ಕೆಳಗಿನ ಮನೆಗೆ ಬಂದ ನೆಂಟರು ಮೆಟ್ಟಿಲಲ್ಲಿ ಸಿಕ್ಕಿ ಶುಭಾಶಯ ಹೇಳಿದರು. ನಾನು ಯಾರ ಮನೆಯವನೆಂದು ಅವರಿಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ 7.05ಕ್ಕೆ ನಟುಭಾಯಿಯ ಫೋನ್: “ಸಾಲ್ ಮುಬಾರಕ್, ಶ್ರೀಪಾದಭಾಯಿ! ಹಂಸಾಬೆನ್ ಕೇಳ್ತಿದ್ದಾಳೆ, ಒಬ್ಬರೇ ಏನು ತಿಂತಿದ್ದೀರಿ ಅಂತ.” ಹಂಸಾಬೆನ್ ಅವರ ಹೆಂಡತಿ. ಹೋಳಿಗೆ ಎಂದು ಸುಳ್ಳು ಹೇಳಿದೆ.

ಕರೆ: 3 ನಿಮಿಷ.

ಶುಕ್ರವಾರ, ಅಕ್ಟೋಬರ್ 24

ಕೆರೆಯ ಸುತ್ತ ಎರಡು ಸುತ್ತು. ಮಾತು: ಯಾರೊಂದಿಗೂ ಇಲ್ಲ.

ಭಾನುವಾರ, ಅಕ್ಟೋಬರ್ 26. ಲಾಭ ಪಂಚಮಿ

ಮಿಲ್ಲಿನ ಯಂತ್ರಗಳು ಇಂದು 7.15ಕ್ಕೆ ಒಟ್ಟಿಗೆ ಶುರುವಾದವು. ಒಂದಕ್ಕೂ ವಿಳಾಸ ಸಿಗಲಿಲ್ಲ. ತಿಳಿಸಿದವರು ನಟುಭಾಯಿ, 7.22ಕ್ಕೆ.

“ಶ್ರೀಪಾದಭಾಯಿ, ನಿಮ್ಮ ಅಹಮದಾಬಾದ್ ಮಲಗಿದೆಯಾ? ಕೂಗಿ ಕೂಗಿ ಇವುಗಳ ಗಂಟಲು ಒಣಗಿತು. ಇಲ್ಲಿನ ಮುಹೂರ್ತ 8.40ಕ್ಕೆ ಮುಗಿಯುತ್ತೆ. ಅಷ್ಟರೊಳಗೆ ಮೊದಲ ಬಟ್ಟೆ ಬಣ್ಣಕ್ಕೆ ಇಳಿಯಬೇಕು.”

ಮಿಲ್ ಮುಚ್ಚಿದ್ದು 17ರ ಮಧ್ಯಾಹ್ನ. ಎಂಟು ದಿನ ನಿನ್ನೆಗೆ ಮುಗಿಯಿತು. ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಮಿಲ್ಲಿನ ಮುಹೂರ್ತ ಬೇರೆ, ಮುಖ್ಯ ಕಚೇರಿಯ ಮುಹೂರ್ತ ಬೇರೆ ಎಂಬುದನ್ನೂ ಕೇಳಿರಲಿಲ್ಲ. ಕಿರಣ್‌ಭಾಯಿಗೆ ಫೋನ್ ಮಾಡಿ, ಸರ್ವರ್ ಈಗಲೇ ಬೇಕು, ಕೀಲಿ ಕಳಿಸಿ ಎಂದೆ.

“ಪಪ್ಪಾರ ಮುಹೂರ್ತ 10.20. ಅದಕ್ಕೆ ಮೊದಲು ಆ ಬೀಗ ನಾನೂ ತೆಗೆಯಲ್ಲ, ನನ್ನಪ್ಪನೂ ತೆಗೆಯಲ್ಲ,” ಎಂದು ಅವರು ಫೋನ್ ಇಟ್ಟರು.

ನಟುಭಾಯಿಗೆ ಮತ್ತೆ ಫೋನ್ ಮಾಡಿ ಕೇಳಿದೆ: “ನೋಟ್‌ಬುಕ್ ಇದೆಯಾ?”

“ಸುಡಿ ಅಂತ ನೀವು ಹೇಳಿರಲಿಲ್ಲವಲ್ಲ.”

“ಮೊದಲ ಲಾಟ್ ಬಟ್ಟೆಗೆ ಬೇಕಾದವಕ್ಕೆ ಮಾತ್ರ ಹಳೆಯ ವಿಳಾಸ ಹೊಡೆಯಿರಿ. ನಾನು ಹೇಳಿದ್ದೇನೆ.”

ಒಂಬತ್ತು ಯಂತ್ರಗಳಿಗೆ ಹೊಡೆದರು. 8.26ಕ್ಕೆ ನಾಲ್ಕನೇ ಯಂತ್ರದಲ್ಲಿ ಕುಂಕುಮ ಬಣ್ಣದ ಲಾಟ್ ಇಳಿಯಿತು. ಫೋನಿನಲ್ಲಿ ಚಪ್ಪಾಳೆ ಕೇಳಿಸಿತು, ಯಾರೋ ತೆಂಗಿನಕಾಯಿ ಒಡೆದರು. ಕೋಣೆಯಲ್ಲಿ ನಿಂತುಕೊಂಡು ನಾನೂ ಚಪ್ಪಾಳೆ ತಟ್ಟಿದೆ.

ಸೋಮವಾರ, ಅಕ್ಟೋಬರ್ 27. ಅಹಮದಾಬಾದ್

ಪಿಸ್ತಾ ಬಣ್ಣ ಬರಬೇಕಿದ್ದ ಆರುನೂರು ಮೀಟರ್ ಬಟ್ಟೆ ಕುಂಕುಮ ಬಣ್ಣವಾಗಿದೆ. ಹೇಳಿದವರು ಕಿರಣ್‌ಭಾಯಿ, ನಾನು ಕುರ್ಚಿಯಲ್ಲಿ ಕೂರುವ ಮೊದಲೇ.

ದಾಖಲೆ ತೆಗೆದು ನೋಡಿದೆ. ನಿನ್ನೆ 10.20ಕ್ಕೆ ಇಲ್ಲಿನ ಸರ್ವರ್ ಎದ್ದು ವಿಳಾಸ ಹಂಚತೊಡಗಿತು. ಸೂರತ್‌ನಲ್ಲಿ ನಾಲ್ಕನೇ ಯಂತ್ರ 47ನೇ ವಿಳಾಸದಲ್ಲಿ ಕೂತಿರುವುದು ಅದಕ್ಕೆ ತಿಳಿಯದು, ಅದು ಕೈಯಿಂದ ಹೊಡೆದದ್ದು. 11 ಗಂಟೆಗೆ ಏಳನೇ ಯಂತ್ರವನ್ನು ಮತ್ತೆ ಶುರು ಮಾಡಿದಾಗ ಅದು ವಿಳಾಸ ಕೇಳಿತು. ಸರ್ವರ್ ಅದಕ್ಕೂ 47 ಕೊಟ್ಟಿತು. ನಾಲ್ಕಕ್ಕೆಂದು ಲ್ಯಾಬ್ ಕಳಿಸಿದ ಮುಂದಿನ ಕುಂಕುಮ ಬಣ್ಣದ ಪ್ರಮಾಣ, ಪಿಸ್ತಾ ಆಗಬೇಕಿದ್ದ ಬಟ್ಟೆಯಿದ್ದ ಏಳಕ್ಕೆ ಹೋಯಿತು.

ಕಿರಣ್‌ಭಾಯಿ ನೋಡಿದ್ದು ಒಂದೇ ಸಾಲು: 47, ಕೈಯಿಂದ, ರಾಣಾ.

“ನೀವು ಪುಟ ಆರರಲ್ಲಿ ಬರೆದಿದ್ದು ಸರಿ ಇತ್ತು. ಮುದುಕ ತನ್ನ ನೋಟ್‌ಬುಕ್ ಬಿಡಲೇ ಇಲ್ಲ. ಶುಕ್ರವಾರ ಅವನ ಕೊನೇ ದಿನ. ಕಾರಣಕ್ಕೆ ಈಗ ಕಾಗದ ಬೇಕು. ನಡೆದದ್ದನ್ನು ಎರಡು ಪುಟದಲ್ಲಿ ಬರೆದುಕೊಡಿ.”

ಕೈಯಿಂದ ಹೊಡೆಯಿರಿ ಎಂದು ಫೋನಿನಲ್ಲಿ ನಾನು ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಆಯಿತು ಎಂದು ಬಂದೆ.

ನಳಿನಿಯ ಕರೆ ತೆಗೆಯಲಿಲ್ಲ.

ಮಂಗಳವಾರ, ಅಕ್ಟೋಬರ್ 28. ಸೂರತ್

ಏಳನೇ ಯಂತ್ರದ ವಿಳಾಸವನ್ನು 11.30ಕ್ಕೆ ಸರಿಪಡಿಸಿದೆ. ಬಂದ ಕೆಲಸ ಅಷ್ಟೇ. ಸಂಜೆ 5ರ ರೈಲಿನವರೆಗೆ ಇದ್ದೆ.

ನಟುಭಾಯಿ ಕೆಂಪಾದ ಬಟ್ಟೆಯ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಬಣ್ಣ ಚೆನ್ನಾಗೇ ಹಿಡಿದಿದೆ,” ಎಂದರು. “ತಪ್ಪು ನನ್ನದೇ, ಶ್ರೀಪಾದಭಾಯಿ. 47 ನಾನೇ ಹೊಡೆದೆ. ಹದಿನಾರು ವರ್ಷದಲ್ಲಿ ಒಂದು ವಿಳಾಸ ಇಬ್ಬರಿಗೆ ಕೊಟ್ಟಿರಲಿಲ್ಲ. ಕಣ್ಣು ಮಂಜಾಗಿರಬೇಕು.”

“ನೋಟ್‌ಬುಕ್ ಕೊಡಿ ನೋಡೋಣ.”

ಕೊಟ್ಟರು. 47: ನಾಲ್ಕನೇ ಯಂತ್ರ, 2014ರಿಂದ. ಅವರು ಹೊಡೆದದ್ದು ಸರಿಯಾಗಿಯೇ ಇತ್ತು. ಹಂಚುವ ಪಟ್ಟಿಯಿಂದ ಈ ವಿಳಾಸಗಳನ್ನು ತೆಗೆದಿಡಬೇಕಾಗಿದ್ದವನು ನಾನು. ಈ ನೋಟ್‌ಬುಕ್ ಇನ್ನು ಯಾರಿಗೂ ಬೇಡವೆಂದು ತೆಗೆದಿಟ್ಟಿರಲಿಲ್ಲ. “ಕಣ್ಣು ಸರಿಯಾಗಿದೆ,” ಎಂದಷ್ಟೇ ಹೇಳಿದೆ.

ಮಧ್ಯಾಹ್ನ ಮನೆಗೆ ಕರೆದೊಯ್ದರು, ಮಿಲ್ಲಿನಿಂದ ಹತ್ತು ನಿಮಿಷ. ಹಂಸಾಬೆನ್ ಬಡಿಸಿದರು.

“ನಿಮ್ಮ ಮನೆಯವರು ಎಲ್ಲಿ?”

“ತಿರುವನಂತಪುರದಲ್ಲಿ.”

“ಇವರು ಒಂದು ದಿನ ತಡವಾಗಿ ಬಂದರೆ ನಾನು ಮಿಲ್ಲಿಗೆ ಫೋನ್ ಮಾಡ್ತೀನಿ. ನಿಮಗೆ ಯಾರು ಮಾಡ್ತಾರೆ?”

“ಹಂಸಾ, ತಿನ್ನೋರನ್ನ ತಿನ್ನೋಕೆ ಬಿಡು,” ಎಂದು ನಟುಭಾಯಿ ಗದರಿದರು.

ರೈಲಿನಲ್ಲಿ ಬರೆಯಲು ಕೂತೆ. ವಡೋದರಾ ಬರುವ ಹೊತ್ತಿಗೆ ಎರಡು ಪುಟವಾಗಿತ್ತು.

ಬುಧವಾರ, ಅಕ್ಟೋಬರ್ 29. ಅಹಮದಾಬಾದ್

ವರದಿಯನ್ನು ಬೆಳಿಗ್ಗೆ 10ಕ್ಕೆ ಕೊಟ್ಟೆ. ಪ್ರತಿಗಳು ಕಿರಣ್‌ಭಾಯಿಗೆ ಒಂದು, ಸೇಠರಿಗೆ ಒಂದು. ಮುಖ್ಯ ಸಾಲುಗಳು:

“ವಿಳಾಸದ ಅವಧಿಯನ್ನು ಎಂಟು ದಿನವೆಂದು ಬಿಟ್ಟವನು ನಾನು. ರಜೆ ಒಂಬತ್ತು ದಿನ. ಪೂಜೆಯ ನಂತರ ಆರುವ ಸರ್ವರ್ ಮೇಲೆ ಈ ಸೇವೆ ಇಟ್ಟವನು ನಾನು. ಹಳೆಯ ವಿಳಾಸಗಳನ್ನು ಹಂಚುವ ಪಟ್ಟಿಯಿಂದ ತೆಗೆಯದವನು ನಾನು. 26ರಂದು ಕೈಯಿಂದ ಹೊಡೆಯಲು ಫೋನಿನಲ್ಲಿ ಹೇಳಿದವನೂ ನಾನು. ಶ್ರೀ ರಾಣಾ ಹೇಳಿದಷ್ಟನ್ನೇ ಮಾಡಿದರು, ತಪ್ಪಿಲ್ಲದೆ ಮಾಡಿದರು. ಅಕ್ಟೋಬರ್ 4ರ ವರದಿಯ ಆರನೇ ಪುಟವನ್ನು ಹಿಂದೆ ತೆಗೆದುಕೊಳ್ಳುತ್ತೇನೆ.”

ಊರಿಗೊಂದು ಚಿಕ್ಕ ಸರ್ವರ್, ಮಿಲ್ಲಿನ ಯಂತ್ರಗಳಿಗೆ ನೋಟ್‌ಬುಕ್ಕಿನ ವಿಳಾಸಗಳೇ ಕಾಯಂ, ಹೆಸರಿನ ಪಟ್ಟಿಯ ಒಂದೊಂದು ಪ್ರತಿ ಮೂರೂ ಕಡೆ. ಪಾಂಡೇಸರಾದ್ದನ್ನು ನೋಡಿಕೊಳ್ಳಲು ರಾಣಾ. ಇದು ಹೊಸ ಶಿಫಾರಸು.

ಸಂಜೆಯವರೆಗೆ ಉತ್ತರ ಇಲ್ಲ.

ಶುಕ್ರವಾರ, ಅಕ್ಟೋಬರ್ 31

ನಟುಭಾಯಿ ಕೆಲಸದಲ್ಲಿ ಉಳಿದರು. ತೀರ್ಮಾನ ಹೇಳಿದವರು ರಸಿಕ್‌ಲಾಲ್ ಸೇಠರು, ಬೆಳಿಗ್ಗೆ 11.40ಕ್ಕೆ, ಕಿರಣ್‌ಭಾಯಿಯ ಕೋಣೆಯಲ್ಲಿ.

ಅದಕ್ಕೆ ಮೊದಲು ಕಿರಣ್‌ಭಾಯಿ ಕೇಳಿದರು: “ನೀವು ಬರೆಯದೇ ಇದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತಾ?”

“ಇಲ್ಲ.”

“ಮತ್ತೆ?”

ನಡೆದದ್ದು ಅದೇ ಎಂದೆ.

ಸೇಠರು ಕನ್ನಡಕ ತೆಗೆದರು. “ಕಿರಣ್, ಮುಹೂರ್ತದೊಳಗೆ ಬಣ್ಣ ಇಳಿಸಿದ್ದು ಯಾರು? ನಟು. ಅವನನ್ನೇ ಮನೆಗೆ ಕಳಿಸ್ತೀಯಾ? ವರ್ಷ ಶುರುವಾಗಿ ಹತ್ತು ದಿನ ಆಗಿಲ್ಲ.” ನನ್ನ ಕಡೆ ತಿರುಗಿ, “ನೀವು ಬ್ಯಾಂಕಿನಿಂದ ಬಂದವರು. ನಮ್ಮ ದೀಪಾವಳಿ ಎಷ್ಟು ಉದ್ದ ಅಂತ ಕೇಳಬೇಕಿತ್ತು,” ಎಂದರು.

ಕೇಳಬೇಕಿತ್ತು.

ತಿರುವನಂತಪುರದ ಮಾತನ್ನು ಕಿರಣ್‌ಭಾಯಿ ಹಿಂದೆ ತೆಗೆದುಕೊಂಡರು. ಮೂರು ಸರ್ವರ್ ಎಂದ ಮೇಲೆ ಮೂರೂ ಊರು ಸುತ್ತುವವನು ಬೇಕು. ನನ್ನ ಕೆಲಸ ಕಾಯಂ ಮಾಡುವುದು ಜೂನ್‌ಗೆ ಮುಂದಕ್ಕೆ ಹೋಯಿತು, ಆ ಮಾತು ಮತ್ತೆ ಎತ್ತುವುದಿದ್ದರೆ ಅದಾದ ಮೇಲೆ. ಸಹಿ ಹಾಕಿದೆ.

ಸಂಜೆ ನಳಿನಿಗೆ ನಾನೇ ಫೋನ್ ಮಾಡಿದೆ. ಜೂನ್ ಎಂದೆ.

“ಜನವರಿ ಅಂದಿದ್ರಿ.”

“ಅಂದಿದ್ದೆ.”

“ಏನಾಯ್ತು, ಮೊದಲಿನಿಂದ ಹೇಳಿ. ನೀವು ಈ ನಾಲ್ಕು ತಿಂಗಳು ಊಟ ಆಯ್ತು, ನಿದ್ದೆ ಬಂತು ಅಷ್ಟೇ ಹೇಳಿದ್ದು.”

ಹೇಳಿದೆ. ಕೆಂಪು ರಟ್ಟಿನ ನೋಟ್‌ಬುಕ್, ಸೂತಕ, ಸರ್ವರ್‌ಗೆ ಕುಂಕುಮ, 47. ಆರುನೂರು ಮೀಟರ್ ಎಂದಾಗ ಅವಳು ನಕ್ಕಳು. ನನಗೆ ಆಗ ನಗು ಬಂದಿರಲಿಲ್ಲ, ಈಗ ಬಂತು. ಅವಳ ಕಡೆ ಕುಕ್ಕರ್ ಏರಿತು, ಕೂಗಿತು, ಇಳಿಯಿತು. ಸಾರಿಗೆ ಒಗ್ಗರಣೆ ಹಾಕುವ ಸದ್ದು ಕೇಳಿಸಿತು.

“ಜೂನ್‌ವರೆಗೆ ನನ್ನ ಕೈಲಿ ಆಗಲ್ಲ ಕಣ್ರೀ,” ಎಂದಳು ಕೊನೆಗೆ. “ಡಿಸೆಂಬರ್‌ನಲ್ಲಿ ನಾನೇ ಬರ್ತೀನಿ. ಆ ಹಂಸಾಬೆನ್ ಮನೆಗೂ ಹೋಗೋಣ.”

ಊಟ ಮಾಡಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಮೆಸ್ ಮುಚ್ಚಿತ್ತು.

ಭಾನುವಾರ, ನವೆಂಬರ್ 2

ಪಾಂಡೇಸರಾಕ್ಕೆ ಹೊಸ ಸರ್ವರ್ ನಿನ್ನೆ ಸಂಜೆ ತಲುಪಿದೆ. ತಿಳಿಸಿದವರು ನಟುಭಾಯಿ. ಪೆಟ್ಟಿಗೆ ಬಿಚ್ಚಿಲ್ಲ, ನೀವು ಬರುವವರೆಗೆ ಬಿಚ್ಚುವುದಿಲ್ಲ ಎಂದರು. ಕಲಿಯಲು ವಯಸ್ಸಾಯಿತಲ್ಲವೇ ಎಂದು ಎರಡು ಸಲ ಕೇಳಿದರು. ಇಲ್ಲ ಎಂದು ಎರಡು ಸಲ ಹೇಳಿದೆ.

ವಸ್ತ್ರಾಪುರದ ಕೆರೆಯ ಬಳಿ ಸಂಜೆ ಜನ ಹೆಚ್ಚಿತ್ತು. ಒಂದು ಸುತ್ತು ಹಾಕಿ ಬಂದು ಬಟ್ಟೆ ಇಸ್ತ್ರಿ ಮಾಡಿದೆ. ಕೋಣೆ ಎಂದಿನ ಹಾಗೆ ಇದೆ.

ನಾಳೆ ಬೆಳಿಗ್ಗೆ 6.10ರ ರೈಲು. 10.30ಕ್ಕೆ ಪಾಂಡೇಸರಾದಲ್ಲಿ ನಟವರಲಾಲ್ ರಾಣಾ ಅವರಿಗೆ ಮೊದಲ ಪಾಠ. ವಿಷಯ: ವಿಳಾಸವನ್ನು ಕಾಯಂ ಮಾಡುವ ವಿಧಾನ.